ಮಳೆಗಾಲಗಳ ನಡುವಿನ ನಂಟು ಬದಲಾಗುತ್ತಿದೆ: ಕಾಸರಗೋಡಿನಿಂದ ಒಂದು ನೋಟ

2025ರ ಮೇ 24ರಂದು ನೈಋತ್ಯ ಮುಂಗಾರು ಕೇರಳವನ್ನು ಪ್ರವೇಶಿಸಿತೆಂದು ಭಾರತೀಯ ಹವಾಮಾನ ಇಲಾಖೆ ಘೋಷಿಸಿದಾಗ, ಕಾಸರಗೋಡಿನ ತುಳುವರ ಲೆಕ್ಕದಲ್ಲಿ ಅದು ಪತ್ತನಾಜೆಯ ಹೊತ್ತು. ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮಗಳಿಗೆ ವಿರಾಮ ಬೀಳುತ್ತದೆ, ಅಂದು ಹತ್ತು ಹನಿಯಾದರೂ ಮಳೆ ಬರಬೇಕೆಂಬ ಮಾತು ರೂಢಿಯಲ್ಲಿದೆ. ಆ ವರ್ಷ ಬಂದ ಮಳೆಯನ್ನು ಹನಿಗಳಲ್ಲಿ ಎಣಿಸುವಂತಿರಲಿಲ್ಲ. ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲೇ ಕಾಲಿಟ್ಟ ಮುಂಗಾರು, 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಎರಡೇ ದಿನಗಳಲ್ಲಿ ಅದು ಮುಂಬೈಯನ್ನೂ ಮುಟ್ಟಿತು. ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಸುತ್ತು ಬೋರ್ಡೋ ಮದ್ದು ಬಿಟ್ಟು ಮುಗಿಸೋಣವೆಂದು ಮೇ ಕೊನೆಯ ವಾರವನ್ನು ನೆಚ್ಚಿಕೊಂಡಿದ್ದ ತೋಟದವರಿಗೆ ಕೊಳೆರೋಗದ ಚಿಂತೆ ಆ ವಾರವೇ ಶುರುವಾಯಿತು.

ಪತ್ತನಾಜೆಯ ಹತ್ತು ಹನಿಯಾಗಲಿ, ಆಟಿ ತಿಂಗಳ ಬಿಡದ ಮಳೆಯಾಗಲಿ, ಸೋಣ ತಿಂಗಳ ಬಿಸಿಲಾಗಲಿ, ಇವೆಲ್ಲ ಹಲವು ತಲೆಮಾರುಗಳು ಕಣ್ಣಾರೆ ಕಂಡು ಗಟ್ಟಿಮಾಡಿಕೊಂಡ ನಂಟುಗಳು. ಒಂದು ಬಂದರೆ ಅದರ ಹಿಂದೆ ಇನ್ನೊಂದು ಬರುತ್ತದೆ ಎಂಬ ನಂಬಿಕೆಯ ಮೇಲೆ ಬಿತ್ತನೆ, ಮದ್ದು, ಸೊಪ್ಪು, ಸೌದೆ ಎಲ್ಲದರ ದಿನ ನಿಗದಿಯಾಗುತ್ತದೆ. ಹವಾಮಾನ ವಿಜ್ಞಾನ ಕಳೆದ 140 ವರ್ಷಗಳಲ್ಲಿ ಮಾಡಿರುವುದೂ ಬಹುಮಟ್ಟಿಗೆ ಇದೇ ಕೆಲಸವನ್ನು, ಆದರೆ ಇನ್ನೂ ದೊಡ್ಡ ಭೂಪಟದ ಮೇಲೆ: ಪೆಸಿಫಿಕ್ ಸಾಗರ ಬಿಸಿಯಾದರೆ ಭಾರತದಲ್ಲಿ ಮಳೆ ಕಡಿಮೆ, ಭಾರತದಲ್ಲಿ ಮಳೆ ಚೆನ್ನಾದರೆ ಉತ್ತರ ಚೀನಾದಲ್ಲೂ ಚೆನ್ನ, ಇಲ್ಲಿನ ಮುಂಗಾರು ಬಲವಾಗಿದ್ದರೆ ಆಸ್ಟ್ರೇಲಿಯದ ಮುಂದಿನ ಮಳೆಗಾಲವೂ ಬಲವಾಗಿರುತ್ತದೆ ಎಂಬಂಥ ನಂಟುಗಳನ್ನು ಹುಡುಕಿ, ಅಳೆದು, ಅವುಗಳ ಆಧಾರದಲ್ಲಿ ಮುನ್ಸೂಚನೆ ಕೊಡುವುದು. ಮಳೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಪ್ರತಿವರ್ಷ ನಡೆಯುತ್ತದೆ. ಈ ನಂಟುಗಳೇ ದಶಕದಿಂದ ದಶಕಕ್ಕೆ ಸಡಿಲವಾಗುತ್ತ, ಬಿಗಿಯಾಗುತ್ತ, ಕೆಲವೊಮ್ಮೆ ದಿಕ್ಕನ್ನೇ ಬದಲಿಸುತ್ತ ಬಂದಿವೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಎರಡು ಮಳೆಗಾಲಗಳನ್ನು ಕಾಣುವ ನಮ್ಮಂಥ ಜಿಲ್ಲೆಗೆ ಈ ಎರಡನೆಯ ಸಂಗತಿಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

ಜಗತ್ತಿನಲ್ಲಿ ಮುಂಗಾರು ಒಂದೇ ಇಲ್ಲ. ದಕ್ಷಿಣ ಏಷ್ಯಾದ್ದು ಒಂದು, ಚೀನಾ-ಜಪಾನ್-ಕೊರಿಯಾಗಳದ್ದು ಇನ್ನೊಂದು, ಪಶ್ಚಿಮ ಪೆಸಿಫಿಕ್ಕಿನದ್ದು ಮಗದೊಂದು. ಪಶ್ಚಿಮ ಆಫ್ರಿಕ, ಇಂಡೊನೇಶ್ಯ-ಉತ್ತರ ಆಸ್ಟ್ರೇಲಿಯ, ಉತ್ತರ ಮತ್ತು ದಕ್ಷಿಣ ಅಮೆರಿಕಗಳಿಗೂ ತಮ್ಮ ತಮ್ಮ ಮಳೆಗಾಲಗಳಿವೆ. ಇವುಗಳಿಗೆ ನೆಲ ಬೇರೆ, ಕಡಲು ಬೇರೆ, ಆದರೆ ಮೇಲಿನ ವಾಯುಮಂಡಲ ಒಂದೇ. ಬಂಗಾಳ ಕೊಲ್ಲಿಯ ಮೇಲೆ ಒಂದು ಕಿಲೋಗ್ರಾಂ ನೀರಾವಿ ಮಳೆಹನಿಯಾದಾಗ ಸುಮಾರು 25 ಲಕ್ಷ ಜೂಲ್ ಶಾಖ ಬಿಡುಗಡೆಯಾಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ಉಪಖಂಡದ ಮೇಲೆ ಸುರಿಯುವ ಒಟ್ಟು ಮಳೆಯ ಲೆಕ್ಕದಲ್ಲಿ ನೋಡಿದರೆ ಇದು ಇಡೀ ವಾಯುಮಂಡಲದ ಅತಿ ದೊಡ್ಡ ಒಲೆಗಳಲ್ಲಿ ಒಂದು. ಹೀಗೆ ಬಿಸಿಯಾಗಿ ಮೇಲೇರಿದ ಗಾಳಿ ಎಲ್ಲೋ ಒಂದೆಡೆ ಇಳಿಯಲೇಬೇಕು. ಮಾರ್ಕ್ ರಾಡ್ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ 1996ರಲ್ಲಿ ತೋರಿಸಿಕೊಟ್ಟಂತೆ, ಈ ಶಾಖವು ಪಶ್ಚಿಮಕ್ಕೆ ಕಳಿಸುವ ಅಲೆಯಿಂದಾಗಿ ಪೂರ್ವ ಸಹಾರಾ ಮತ್ತು ಮೆಡಿಟರೇನಿಯನ್ ಪ್ರದೇಶಗಳ ಮೇಲೆ ಗಾಳಿ ಇಳಿಯುತ್ತದೆ, ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಅಲ್ಲಿನ ಒಣ ಬೇಸಿಗೆಯ ಹಿಂದೆ ನಮ್ಮ ಮಳೆಗಾಲದ ಪಾಲೂ ಇದೆ ಎಂದಾಯಿತು. ನಮ್ಮಲ್ಲಿ ಧೋ ಎಂದು ಮಳೆ ಸುರಿಯುವಾಗ ಗ್ರೀಸಿನಲ್ಲಿ ಆಲಿವ್ ತೋಟಗಳು ಒಣಗಿ ನಿಲ್ಲುವುದು ಪೂರ್ತಿ ಕಾಕತಾಳೀಯವಲ್ಲ ಎಂಬುದು, ಮೊದಲ ಬಾರಿ ಓದಿದಾಗ ನನಗೆ ನಂಬಲು ಕಷ್ಟವಾಗಿತ್ತು.

ಆಫ್ರಿಕದ ಕಡೆಗೆ ಇನ್ನೊಂದು ದಾರಿಯೂ ಇದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 14-15 ಕಿಲೋಮೀಟರ್ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿಯ ಹೊಳೆಯೊಂದು ಹರಿಯುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರವಾಗಿ ಗುರುತಿಸಿದರು. ಕೆಳಗೆ ಸೊಮಾಲಿಯಾ ಕರಾವಳಿಯಿಂದ ನಮ್ಮ ಕಡೆಗೆ ತೇವ ಹೊತ್ತು ತರುವ ಗಾಳಿ, ಮೇಲೆ ನಮ್ಮಿಂದ ಆಫ್ರಿಕದ ಕಡೆಗೆ ಮರಳುವ ಗಾಳಿ. ಇವೆರಡರ ನಡುವೆ ಹಿಂದೂ ಮಹಾಸಾಗರದ ಉದ್ದಕ್ಕೂ ಒಂದು ದೊಡ್ಡ ಚಕ್ರ ಸುತ್ತುತ್ತಿರುತ್ತದೆ. ಮೇಲಿನ ಈ ಹೊಳೆ ಬಲವಾಗಿದ್ದ ವರ್ಷಗಳಲ್ಲಿ ಸಹಾರಾದ ದಕ್ಷಿಣದ ಸಾಹೆಲ್ ಪಟ್ಟಿಯಲ್ಲಿ ಮಳೆ ಚೆನ್ನಾಗಿರುವ ಒಲವಿದೆ. 1970 ಮತ್ತು 80ರ ದಶಕಗಳಲ್ಲಿ ಸಾಹೆಲ್ ಭೀಕರ ಬರಗಳನ್ನು ಕಂಡಾಗ ಈ ಹೊಳೆಯೂ ಅದಕ್ಕೆ ಹಿಂದಿನ ದಶಕಗಳಿಗಿಂತ ದುರ್ಬಲವಾಗಿತ್ತು.

ಉತ್ತರಕ್ಕೆ ಹೋಗುವ ದಾರಿ ಇದಕ್ಕಿಂತ ಸ್ವಾರಸ್ಯಕರ. ಭಾರತದ ಮಳೆಯ ಶಾಖ ಹಿಮಾಲಯದಾಚೆಗಿನ ಪಶ್ಚಿಮ ಮಾರುತದ ಹೊಳೆಯನ್ನು ಅಲುಗಿಸುತ್ತದೆ. ಆ ಅಲುಗಾಟ ಮಧ್ಯ ಏಷ್ಯಾದ ಮೇಲೆ ಏರಿಳಿತಗಳ ಸರಣಿಯಾಗಿ ಪೂರ್ವಕ್ಕೆ ಸಾಗಿ ಚೀನಾ, ಜಪಾನ್‌ಗಳನ್ನು ತಲಪುತ್ತದೆ. ಹಳೆಯ ವ್ಯಾಪಾರದ ದಾರಿಯ ಮೇಲೇ ಸಾಗುವ ಇದಕ್ಕೆ ವಿಜ್ಞಾನಿಗಳು ರೇಷ್ಮೆ ಮಾರ್ಗದ ವಿನ್ಯಾಸವೆಂದೇ ಹೆಸರಿಟ್ಟಿದ್ದಾರೆ. ಭಾರತದಲ್ಲಿ ಮಳೆ ಚೆನ್ನಾದ ವರ್ಷ ಉತ್ತರ ಚೀನಾದಲ್ಲೂ ಚೆನ್ನಾಗಿರುವುದು, ಭಾರತ ಒಣಗಿದ ವರ್ಷ ಅಲ್ಲೂ ಕೊರತೆಯಾಗುವುದು ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಎದ್ದು ಕಾಣುತ್ತಿತ್ತು. 1970ರ ದಶಕದ ಕೊನೆಯ ನಂತರ ಈ ಜೋಡಿ ಸಡಿಲವಾಯಿತು. ಎರಡೂ ಕಡೆಯ ಮಳೆಗಳು ತಮ್ಮ ಪಾಡಿಗೆ ತಾವು ಏರಿಳಿಯತೊಡಗಿದವು.

ದಕ್ಷಿಣದ ಕಡೆಗಿನ ಕೊಂಡಿಯನ್ನು ಒಂದು ನಡಿಗೆಯಂತೆ ಕಲ್ಪಿಸಿಕೊಳ್ಳಬಹುದು. ಜುಲೈಯಲ್ಲಿ ಭಾರತ ಮತ್ತು ಬಂಗಾಳ ಕೊಲ್ಲಿಯ ಮೇಲಿರುವ ಮಳೆಯ ನಡು ಸೂರ್ಯನ ಹಿಂದೆ ಆಗ್ನೇಯಕ್ಕೆ ಸರಿಯುತ್ತ, ಹೋಗುವ ದಾರಿಯಲ್ಲಿ ನಮಗೂ ತಮಿಳುನಾಡಿಗೂ ಹಿಂಗಾರು ಕೊಟ್ಟು, ಇಂಡೊನೇಶ್ಯ ದಾಟಿ, ಡಿಸೆಂಬರ್-ಜನವರಿಯ ಹೊತ್ತಿಗೆ ಉತ್ತರ ಆಸ್ಟ್ರೇಲಿಯವನ್ನು ಸೇರುತ್ತದೆ. ಒಳ್ಳೆಯ ಭಾರತೀಯ ಮುಂಗಾರಿನ ಬೆನ್ನಿಗೆ ಒಳ್ಳೆಯ ಆಸ್ಟ್ರೇಲಿಯನ್ ಮುಂಗಾರು ಬರುವ ಒಲವನ್ನು ಅಮೆರಿಕದ ಜೆರಾಲ್ಡ್ ಮೀಲ್ 1980ರ ದಶಕದಲ್ಲಿ ವಿವರಿಸಿದರು. ಮರಳಿ ಬರುವ ದಾರಿಯಲ್ಲಿ, ಅಂದರೆ ಆಸ್ಟ್ರೇಲಿಯದ ಮಳೆಗಾಲದಿಂದ ನಮ್ಮ ಮುಂದಿನ ಮುಂಗಾರಿಗೆ, ನಂಟು ಅಷ್ಟು ಗಟ್ಟಿಯಾಗಿಲ್ಲ. ಮಾರ್ಚ್‌ನಿಂದ ಮೇ ನಡುವೆ ಸಾಗರದ ನೆನಪು, ಅಂದರೆ ಹಿಂದಿನ ಋತುವಿನಿಂದ ಅದು ಉಳಿಸಿಕೊಂಡ ಬಿಸಿ-ತಂಪಿನ ಗುರುತು, ಮಸುಕಾಗುತ್ತದೆ.

ಈ ನಿಯಮ ಎಷ್ಟು ಸುಲಭವಾಗಿ ಕೈಕೊಡಬಹುದೆಂಬುದಕ್ಕೆ 2019 ಒಂದು ಪಾಠದಂತಿದೆ. ಆ ವರ್ಷ ಜೂನ್ ತಿಂಗಳಲ್ಲಿ ದೇಶದ ಮಳೆ ವಾಡಿಕೆಗಿಂತ 33 ಶೇಕಡಾ ಕಡಿಮೆಯಿತ್ತು, ಋತುವಿನ ಕೊನೆಗೆ ಅದು ವಾಡಿಕೆಯ 110 ಶೇಕಡಾ ತಲಪಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಸುಮಾತ್ರಾ ಕಡೆಯ ಪೂರ್ವ ಭಾಗ ತಣ್ಣಗಾಗುವ ದ್ವಿಧ್ರುವ ಸ್ಥಿತಿ ಆ ವರ್ಷ ಅಸಾಧಾರಣವಾಗಿ ಬಲವಾಗಿತ್ತು. ಈ ದ್ವಿಧ್ರುವವನ್ನು 1999ರಲ್ಲಿ ಜಗತ್ತಿಗೆ ಪರಿಚಯಿಸಿದ ನಾಲ್ವರಲ್ಲಿ ಇಬ್ಬರು, ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟುಳ್ಳವರು. 2019ರಲ್ಲಿ ಮುಂಗಾರು ವಾಯವ್ಯ ಭಾರತದಿಂದ ಹಿಂದೆ ಸರಿಯಲು ಆರಂಭಿಸಿದ್ದೇ ಅಕ್ಟೋಬರ್ 9ರಂದು, ದಾಖಲೆಯಲ್ಲೇ ಅತ್ಯಂತ ತಡವಾಗಿ. ಇಲ್ಲಿ ಹೊರಡದ ಮಳೆ ಅಲ್ಲಿಗೆ ಸಮಯಕ್ಕೆ ತಲಪುವುದೆಂತು? ಆಸ್ಟ್ರೇಲಿಯದ ಮುಂಗಾರು ತಡವಾಯಿತು. ಅಲ್ಲಿನ ಇತಿಹಾಸದಲ್ಲಿ ಅತಿ ಬಿಸಿಯೂ ಅತಿ ಒಣವೂ ಆದ ವರ್ಷವಾಗಿ 2019 ದಾಖಲಾಯಿತು, ಕಾಡುಗಳು ತಿಂಗಳುಗಟ್ಟಲೆ ಉರಿದವು. ಅದೇ ಹೊತ್ತಿಗೆ ಪೂರ್ವ ಆಫ್ರಿಕ ನೆರೆಯಲ್ಲಿ ಮುಳುಗಿತ್ತು. ಒಳ್ಳೆಯ ಭಾರತೀಯ ಮುಂಗಾರಿನ ಬೆನ್ನಿಗೆ ಒಳ್ಳೆಯ ಆಸ್ಟ್ರೇಲಿಯನ್ ಮುಂಗಾರು ಎಂಬ ಸೂತ್ರ ಆ ವರ್ಷ ತಲೆಕೆಳಗಾಯಿತು, ಆದರೆ ಎರಡರ ನಡುವಿನ ನಂಟು ಕಡಿದಿರಲಿಲ್ಲ. ನಡುವೆ ಇರುವ ಕಡಲು ಬೇರೆ ರೀತಿಯಲ್ಲಿ ವರ್ತಿಸಿತ್ತು, ಅಷ್ಟೆ.

ಹೀಗೆ ಸೂತ್ರ ಕೈಕೊಟ್ಟ ಕತೆ ನಮ್ಮ ಮುನ್ಸೂಚನೆಯ ಇತಿಹಾಸದ ಉದ್ದಕ್ಕೂ ಇದೆ. 1880ರ ದಶಕದಲ್ಲಿ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಎಚ್.ಎಫ್. ಬ್ಲಾನ್‌ಫೋರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂಗಾರು ಸೊರಗುತ್ತದೆ ಎಂಬ ಸೂತ್ರದಿಂದ ಮೊದಲ ಮುನ್ಸೂಚನೆಗಳನ್ನು ಕೊಟ್ಟರು. ಅವರ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯೆಂದರು. ಬಂದದ್ದು ಘೋರ ಕ್ಷಾಮ. 1904ರಲ್ಲಿ ಅಧಿಕಾರ ವಹಿಸಿಕೊಂಡ ಗಣಿತಜ್ಞ ಗಿಲ್ಬರ್ಟ್ ವಾಕರ್ ಇಡೀ ಜಗತ್ತಿನ ಒತ್ತಡ, ಮಳೆ, ತಾಪಮಾನಗಳ ಅಂಕಿಅಂಶ ತರಿಸಿಕೊಂಡು ಸಹಸಂಬಂಧಗಳನ್ನು ಹುಡುಕತೊಡಗಿದರು, ಅದರಿಂದಲೇ, ಪೆಸಿಫಿಕ್ ಬಿಸಿಯೇರುವ ಎಲ್ ನಿನೊದ ಗಾಳಿಯ ಮುಖವಾದ ದಕ್ಷಿಣದ ಆಂದೋಲನ, ಅಂದರೆ ಪೆಸಿಫಿಕ್ಕಿನ ಎರಡು ಕಡೆಗಳ ಗಾಳಿಯ ಒತ್ತಡದ ಏರಿಳಿತ, ಪತ್ತೆಯಾಯಿತು. ಅವರ ಉತ್ತರಾಧಿಕಾರಿಗಳಲ್ಲಿ ಒಬ್ಬರಾದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಒಂದು ವ್ಯಂಗ್ಯವನ್ನು ಎತ್ತಿ ತೋರಿಸಿದರು: ಹೊರಗಿನ ಸುಳಿವುಗಳಿಂದ ಭಾರತದ ಮುಂಗಾರನ್ನು ಊಹಿಸುವುದು ಕಷ್ಟ, ಆದರೆ ಭಾರತದ ಮುಂಗಾರು ಮುಗಿದ ಮೇಲೆ ಜಗತ್ತಿನ ಉಳಿದ ಕಡೆ ಏನಾಗುವುದೆಂದು ಊಹಿಸುವುದು ಸುಲಭ. ಮುಂಗಾರು ಬೇರೆಯವರ ಮಾತು ಕೇಳುವುದಕ್ಕಿಂತ ಬೇರೆಯವರಿಗೆ ಮಾತು ಹೇಳುವುದೇ ಹೆಚ್ಚು ಎಂಬುದು ಅದರ ತಾತ್ಪರ್ಯ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ 2002. 1988ರಿಂದ ಇಲಾಖೆ ವಸಂತ ಗೋವಾರಿಕರ್ ಮತ್ತು ಸಂಗಡಿಗರು ರೂಪಿಸಿದ ಹದಿನಾರು ಸೂಚಕಗಳ ಮಾದರಿಯನ್ನು ಬಳಸುತ್ತಿತ್ತು. ಎಲ್ ನಿನೊ, ಯುರೇಷಿಯಾದ ಹಿಮ, ಎಲ್ಲೆಲ್ಲಿಯದೋ ಒತ್ತಡ ಮತ್ತು ತಾಪಮಾನಗಳು ಅದರಲ್ಲಿದ್ದವು. 2002ಕ್ಕೆ ಅದು ವಾಡಿಕೆಯ 101 ಶೇಕಡಾ ಮಳೆಯೆಂದು ಹೇಳಿತು, ಬಂದದ್ದು 81. ಜುಲೈ ಒಂದೇ ತಿಂಗಳಲ್ಲಿ ಅರ್ಧದಷ್ಟು ಮಳೆ ಕೈತಪ್ಪಿತ್ತು. ಮರುಪರಿಶೀಲಿಸಿದಾಗ ಹದಿನಾರರಲ್ಲಿ ಹಲವು ಸೂಚಕಗಳಿಗೆ ಮುಂಗಾರಿನೊಂದಿಗಿದ್ದ ನಂಟು ಅಷ್ಟರಲ್ಲಾಗಲೇ ಕ್ಷೀಣಿಸಿತ್ತೆಂದು ತಿಳಿಯಿತು, ಮಾದರಿಯನ್ನು ಕೈಬಿಡಲಾಯಿತು. ಇಲ್ಲಿ ಲೆಕ್ಕ ತಪ್ಪಿದ್ದಿಲ್ಲ. ಹಳೆಯ ದಶಕಗಳಲ್ಲಿ ಕಲಿತ ನಂಟನ್ನು ಹೊಸ ದಶಕಕ್ಕೆ ಹಾಗೆಯೇ ದಾಟಿಸಿದ್ದು ತಪ್ಪಾಯಿತು.

ಆ ಹೊತ್ತಿಗೆ ಎಲ್ಲಕ್ಕಿಂತ ಗಟ್ಟಿಯೆಂದು ನಂಬಿದ್ದ ಎಲ್ ನಿನೊ ನಂಟೇ ಪ್ರಶ್ನೆಗೆ ಒಳಗಾಗಿತ್ತು. 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು ಎದ್ದಾಗ ಎಲ್ಲರೂ ಬರಕ್ಕೆ ಸಿದ್ಧರಾದರು, ಭಾರತದಲ್ಲಿ ಮಳೆ ವಾಡಿಕೆಯ 102 ಶೇಕಡಾ ಸುರಿಯಿತು. ಎರಡು ವರ್ಷಗಳ ನಂತರ ಕೆ. ಕೃಷ್ಣಕುಮಾರ್, ಬಾಲಾಜಿ ರಾಜಗೋಪಾಲನ್ ಮತ್ತು ಮಾರ್ಕ್ ಕೇನ್ ಪ್ರಕಟಿಸಿದ ಲೇಖನವು ಎಲ್ ನಿನೊ ಮತ್ತು ಭಾರತೀಯ ಮುಂಗಾರಿನ ವಿಲೋಮ ಸಂಬಂಧ ಇತ್ತೀಚಿನ ದಶಕಗಳಲ್ಲಿ ದುರ್ಬಲವಾಗಿದೆ ಎಂದಿತು. ಮೂರೇ ವರ್ಷಗಳಲ್ಲಿ, ಅದಕ್ಕಿಂತ ಸೌಮ್ಯವಾದ ಎಲ್ ನಿನೊ 2002ರ ಬರವನ್ನು ತಂದಿತು. 2009ರಲ್ಲಿ ಮಳೆ ವಾಡಿಕೆಯ 78 ಶೇಕಡಾಕ್ಕೆ, 2015ರಲ್ಲಿ 86 ಶೇಕಡಾಕ್ಕೆ ಇಳಿಯಿತು, ಎರಡೂ ಎಲ್ ನಿನೊ ವರ್ಷಗಳು. ಈ ಶತಮಾನದ ಆರಂಭದಿಂದ ನಂಟು ಮತ್ತೆ ಬಿಗಿಯಾಗಿದೆ ಎಂಬ ಸಂಶೋಧನೆಗಳು ಆಮೇಲೆ ಬಂದವು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನು ಇನ್ನಷ್ಟು ಬಿಡಿಸಿ ನೋಡಿತು: ಉತ್ತರ ಭಾರತದಲ್ಲಿ ಎಲ್ ನಿನೊದ ಹಿಡಿತ ಬಿಗಿಯಾಗಿದೆ, ಮಧ್ಯ ಭಾರತದಲ್ಲಿ ಸಡಿಲವಾಗಿದೆ, ದಕ್ಷಿಣದಲ್ಲಿ ಹೆಚ್ಚು ಬದಲಾಗಿಲ್ಲ. ಇಡೀ ದೇಶದ ಮಳೆಗೆ ಒಂದೇ ಅಂಕಿ ಕೊಟ್ಟು, ಆ ಅಂಕಿಗೆ ಪೆಸಿಫಿಕ್ಕಿನೊಂದಿಗೆ ಒಂದೇ ನಂಟು ಕಟ್ಟುವ ಪದ್ಧತಿಯಲ್ಲೇ ದೋಷವಿತ್ತು ಎಂದು ಇದರಿಂದ ತೋರುತ್ತದೆ.

ನಂಟುಗಳು ಯಾಕೆ ಬದಲಾಗುತ್ತವೆ? ಒಂದು ಕಾರಣ ಕಡಲಿನದ್ದು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಳೆದ ಶತಮಾನದಲ್ಲಿ ಮುಂಗಾರಿನ ತಿಂಗಳುಗಳಲ್ಲಿ 1.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದೆ, ಉಷ್ಣವಲಯದ ಇತರ ಸಾಗರಗಳಿಗಿಂತ ಇದು ಹೆಚ್ಚು. ನೆಲಕ್ಕೂ ಕಡಲಿಗೂ ಇರುವ ಉಷ್ಣತೆಯ ಅಂತರ ಕುಗ್ಗಿದಾಗ ಮುಂಗಾರಿನ ಗಾಳಿ ಸೊರಗುತ್ತದೆ. 1950ರಿಂದ ಶತಮಾನದ ಕೊನೆಯವರೆಗೆ ಮಧ್ಯ ಭಾರತದ ಮಳೆ ಕಡಿಮೆಯಾಗುತ್ತ ಬಂದುದಕ್ಕೆ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟ ವಿವರಣೆ ಇದು. ಎರಡನೆಯ ಕಾರಣ ಹೊಗೆ. ಗಂಧಕದ ಕಣಗಳು ಬಿಸಿಲನ್ನು ತಡೆದು ನೆಲವನ್ನು ತಂಪಾಗಿಸುತ್ತವೆ, ಅದರಿಂದಲೂ ಮುಂಗಾರು ಕುಂದುತ್ತದೆ. 2013ರ ನಂತರ ಚೀನಾ ತನ್ನ ಗಂಧಕದ ಹೊಗೆಯನ್ನು ತೀವ್ರವಾಗಿ ಕಡಿತ ಮಾಡಿದೆ, ಭಾರತದಲ್ಲಿ ಅಂಥ ಇಳಿಕೆ ಆಗಲಿಲ್ಲ. ಹಿಂದೆ ಎರಡೂ ಮುಂಗಾರುಗಳ ಮೇಲೆ ಒಂದೇ ಬಗೆಯ ಮಬ್ಬು ಕವಿದಿತ್ತು; ಈಗ ಒಂದರ ಮೇಲೆ ಅದು ತೆಳುವಾಗಿದೆ, ಇನ್ನೊಂದರ ಮೇಲೆ ಹಾಗೆಯೇ ಇದೆ. ಜೋಡಿಯಾಗಿ ನಡೆಯುತ್ತಿದ್ದವುಗಳ ಹೆಜ್ಜೆ ತಪ್ಪಲು ಇಷ್ಟು ಅಸಮತೋಲವೂ ಸಾಕಾಗಬಹುದು. ಮೂರನೆಯದು ಅಟ್ಲಾಂಟಿಕ್. ಎಲ್ ನಿನೊ ಇಲ್ಲದೆಯೂ ಬಂದ ಬರಗಳಲ್ಲಿ ಆಗಸ್ಟ್ ಕೊನೆಗೆ ಮಳೆ ಥಟ್ಟನೆ ಕುಸಿಯುವುದರ ಹಿಂದೆ ಉತ್ತರ ಅಟ್ಲಾಂಟಿಕ್ಕಿನ ತಂಪು ನೀರಿನಿಂದ ಹೊರಟ ಗಾಳಿಯ ಅಲೆಗಳಿವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2020ರಲ್ಲಿ ತೋರಿಸಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇದನ್ನು ಬಿಟ್ಟುಬಿಡುವ ಬರಹಗಳೇ ಹೆಚ್ಚು. ನಂಟಿನ ಬಲವನ್ನು ಅಳೆಯುವಾಗ ವಿಜ್ಞಾನಿಗಳು ಸಾಮಾನ್ಯವಾಗಿ ಇಪ್ಪತ್ತೊಂದು ಅಥವಾ ಮೂವತ್ತೊಂದು ವರ್ಷಗಳ ಒಂದು ಚೌಕಟ್ಟನ್ನು ದಾಖಲೆಯ ಮೇಲೆ ಜಾರಿಸುತ್ತ ಹೋಗುತ್ತಾರೆ. ನಿಜವಾದ ನಂಟು ಸ್ವಲ್ಪವೂ ಬದಲಾಗದೆ ಇದ್ದರೂ, ಬರಿಯ ಆಕಸ್ಮಿಕದಿಂದ ಈ ಅಂಕಿ ಏರಿಳಿಯಬಹುದು. ನಾಣ್ಯವನ್ನು ಇಪ್ಪತ್ತು ಬಾರಿ ಚಿಮ್ಮಿದರೆ ಹದಿನಾಲ್ಕು ಸಲ ಒಂದೇ ಮುಖ ಬೀಳುವುದುಂಟು, ಅದರಿಂದ ನಾಣ್ಯ ಕೆಟ್ಟಿದೆಯೆಂದು ಆಗುವುದಿಲ್ಲ. ಅಲೆಕ್ಸಾಂಡರ್ ಗೆರ್ಶುನೋವ್ ಮತ್ತು ಸಂಗಡಿಗರು 2001ರಲ್ಲಿ ಎಲ್ ನಿನೊ-ಮುಂಗಾರು ನಂಟಿನ ಬಗ್ಗೆ ಇದೇ ಪ್ರಶ್ನೆಯನ್ನು ಎತ್ತಿದ್ದರು, ಅದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ನಂಬಿಗಸ್ತ ಮಳೆ ದಾಖಲೆ 150 ವರ್ಷಗಳಷ್ಟೇ ಇರುವಾಗ ಸಿಗುವುದು ಐದಾರು ಸ್ವತಂತ್ರ ಚೌಕಟ್ಟುಗಳು ಮಾತ್ರ.

ಹಾಗಾಗಿ ಇನ್ನೂ ಹಿಂದಕ್ಕೆ ನೋಡಲು ಗುಹೆಗಳ ಸುಣ್ಣದ ಕಂಬಗಳನ್ನು ಓದಬೇಕಾಗುತ್ತದೆ. ಚೀನಾದ ಹುಲು ಗುಹೆ, ಮೇಘಾಲಯದ ಮಾಮ್ಲು ಗುಹೆಗಳ ಕಂಬಗಳಲ್ಲಿ ಸಾವಿರಾರು ವರ್ಷಗಳ ಮಳೆಯ ಗುರುತು ಪದರ ಪದರವಾಗಿ ಉಳಿದಿದೆ. ಆ ಅಳತೆಯ ಕಾಲದಲ್ಲಿ ಭಾರತ, ಚೀನಾ ಮತ್ತು ಉತ್ತರ ಆಫ್ರಿಕದ ಮುಂಗಾರುಗಳು ಬಹುಮಟ್ಟಿಗೆ ಕೂಡಿಯೇ ಬಲಗೊಂಡಿವೆ, ಕೂಡಿಯೇ ಕುಗ್ಗಿವೆ. ದಕ್ಷಿಣ ಅಮೆರಿಕದ್ದು ಅವುಗಳಿಗೆ ಎದುರಾಗಿ ನಡೆದಿದೆ. ಭೂಮಿಯ ಅಕ್ಷದ ಓಲಾಟದಿಂದ ಹುಟ್ಟುವ ಸುಮಾರು 23,000 ವರ್ಷಗಳ ತಾಳ ಅಲ್ಲಿ ಕೇಳಿಸುತ್ತದೆ. ಸಹಾರಾ ಹುಲ್ಲುಗಾವಲಾಗಿದ್ದ ಕಾಲ ಸುಮಾರು 5,000 ವರ್ಷಗಳ ಹಿಂದೆ ಮುಗಿದದ್ದೂ ಆ ತಾಳಕ್ಕೆ ಸೇರಿದ್ದೇ. ಮಾಮ್ಲು ಗುಹೆಯ ದಾಖಲೆಯಲ್ಲಿ ಕಾಣುವ ಸುಮಾರು 4,200 ವರ್ಷಗಳ ಹಿಂದಿನ ಒಣಗಾಲದಿಂದ ಆರಂಭವಾಗುವ ಯುಗವನ್ನು 2018ರಲ್ಲಿ ಮೇಘಾಲಯನ್ ಎಂದು ಹೆಸರಿಸಲಾಯಿತು. ಸಾವಿರ ವರ್ಷಗಳ ಅಳತೆಯಲ್ಲಿ ಒಟ್ಟಿಗೆ ಹೆಜ್ಜೆ ಹಾಕುವ ಮುಂಗಾರುಗಳು ಹತ್ತಿಪ್ಪತ್ತು ವರ್ಷಗಳ ಅಳತೆಯಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ರೈತ ಬದುಕುವುದು ಎರಡನೆಯ ಅಳತೆಯಲ್ಲಿ.

ಇನ್ನು ನಮ್ಮ ಊರಿಗೆ ಬರೋಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕಾಸರಗೋಡು ಕೇರಳ ಉಪವಿಭಾಗಕ್ಕೆ ಸೇರಿದೆ, ತಲಪಾಡಿ ದಾಟಿದರೆ ಕರಾವಳಿ ಕರ್ನಾಟಕ ಎಂಬ ಬೇರೆಯೇ ಉಪವಿಭಾಗ. ಮೋಡಕ್ಕೆ ಈ ಗಡಿ ಗೊತ್ತಿಲ್ಲ. ಮಂಜೇಶ್ವರದ ಕೃಷಿಕರು ತಿರುವನಂತಪುರದಿಂದ ಬರುವ ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನೂ ಮಂಗಳೂರಿನ ಕನ್ನಡ ಪತ್ರಿಕೆಗಳಲ್ಲಿ ದಕ್ಷಿಣ ಕನ್ನಡಕ್ಕೆಂದು ಬಂದ ಸುದ್ದಿಯನ್ನೂ ಕೂಡಿಸಿ ಓದುವುದು ಅದಕ್ಕೇ, ಮತ್ತು ಅದೇ ಸರಿ. ಕೇರಳದ ಸರಾಸರಿಯಲ್ಲಿ ನಮ್ಮ ಮಳೆ ಕಾಣಿಸುವುದಿಲ್ಲ: ಜೂನ್-ಸೆಪ್ಟೆಂಬರ್‌ನಲ್ಲಿ ಕಾಸರಗೋಡಿಗೆ ಬೀಳುವ ಮಳೆ ತಿರುವನಂತಪುರ ಜಿಲ್ಲೆಯದರ ಮೂರು ಪಟ್ಟಿನಷ್ಟು, ಆದರೆ ತುಲಾವರ್ಷದಲ್ಲಿ, ಅಂದರೆ ಅಕ್ಟೋಬರ್-ಡಿಸೆಂಬರ್‌ನ ಹಿಂಗಾರಿನಲ್ಲಿ, ನಮ್ಮ ಪಾಲು ಸಣ್ಣದು. ಇದರ ಜೊತೆಗೆ ಅರಬ್ಬಿ ಸಮುದ್ರದಿಂದ ತೇವ ತರುವ ಕೆಳಮಟ್ಟದ ಗಾಳಿಯ ಹೊಳೆ ಕಳೆದ ಕೆಲವು ದಶಕಗಳಲ್ಲಿ ಉತ್ತರಕ್ಕೆ ಸರಿಯುವ ಒಲವು ತೋರಿಸಿದೆ. ಪಶ್ಚಿಮ ಘಟ್ಟದ ದಕ್ಷಿಣ ತುದಿ ಮಳೆ ಕಳೆದುಕೊಂಡರೆ ಉತ್ತರ ಭಾಗ ಪಡೆದುಕೊಳ್ಳುತ್ತದೆ ಎಂಬುದು ಇದರ ಸೂಚನೆ. ಎರಡರ ನಡುವೆ ಇರುವ ನಮಗೆ ಇದು ಯಾವ ಕಡೆ ವಾಲುವುದೆಂಬುದು ರಾಜ್ಯದ ಸರಾಸರಿಯಿಂದ ತಿಳಿಯುವಂಥದಲ್ಲ.

ಮುಂಗಾರಿಗೂ ತುಲಾವರ್ಷಕ್ಕೂ ಇರುವ ನಂಟು ನಮಗೆ ಇದಕ್ಕಿಂತ ಹತ್ತಿರದ ವಿಷಯ. ಮುಂಗಾರಿನಲ್ಲಿ ಕಳೆದುಕೊಂಡದ್ದನ್ನು ತುಲಾ ಮಳೆ ತುಂಬಿಕೊಡುತ್ತದೆ ಎಂಬ ಸಮಾಧಾನದ ಮಾತು ಹಳೆಯದು. ಅದಕ್ಕೆ ಆಧಾರವೂ ಇದೆ: ಮುಂಗಾರನ್ನು ಕೆಡಿಸುವ ಎಲ್ ನಿನೊ ಈಶಾನ್ಯ ಮಾರುತದ ಮಳೆಯನ್ನು ಹೆಚ್ಚಿಸುತ್ತದೆ, ಮತ್ತು ಮುಂಗಾರಿನೊಂದಿಗೆ ಅದರ ನಂಟು ಸಡಿಲವಾಗುತ್ತಿದ್ದ ದಶಕಗಳಲ್ಲೇ ಹಿಂಗಾರಿನೊಂದಿಗಿನ ನಂಟು ಬಿಗಿಯಾಯಿತೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. 2016 ಮತ್ತು 2023ನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ವರ್ಷ ಕೇರಳದಲ್ಲಿ ಮುಂಗಾರಿನ ಕೊರತೆ 34 ಶೇಕಡಾ. 2023ರಲ್ಲಿ, ದೇಶ 1901ರ ನಂತರದ ಅತಿ ಒಣ ಆಗಸ್ಟ್ ಕಂಡ ವರ್ಷ, ಬಲವಾದ ಎಲ್ ನಿನೊ ಇತ್ತು. ತುಲಾವರ್ಷ ವಾಡಿಕೆಗಿಂತ ಹೆಚ್ಚು ಬಂದು ಸ್ವಲ್ಪ ಸಾಲ ತೀರಿಸಿತು, ಡಿಸೆಂಬರ್‌ನಲ್ಲಿ ತಮಿಳುನಾಡಿನ ಕಾಯಲ್‌ಪಟ್ಟಣದಲ್ಲಿ ಒಂದೇ ದಿನ 95 ಸೆಂಟಿಮೀಟರ್ ಸುರಿಯಿತು. 2016ರಲ್ಲಿ ಪೆಸಿಫಿಕ್ ಎಲ್ ನಿನೊಗೆ ಎದುರಾದ ತಂಪಿನ ಸ್ಥಿತಿಯಾದ ಲಾ ನಿನಾ ಕಡೆಗೆ ವಾಲಿತ್ತು. ರಾಜ್ಯದ ಹದಿನಾಲ್ಕೂ ಜಿಲ್ಲೆಗಳು ಅಕ್ಟೋಬರ್ ಕೊನೆಗೇ ಬರಪೀಡಿತವೆಂದು ಘೋಷಿತವಾದವು, ತುಲಾವರ್ಷವೂ ಅರ್ಧಕ್ಕಿಂತ ಕೆಳಗಿಳಿಯಿತು. ಇಷ್ಟರಿಂದ ಸೂತ್ರ ಸಿದ್ಧವಾಯಿತೆಂದು ಹೇಳುವಷ್ಟರಲ್ಲಿ 2021 ಬರುತ್ತದೆ. ಆ ವರ್ಷವೂ ಲಾ ನಿನಾ ಇತ್ತು, ತುಲಾವರ್ಷ ಮಾತ್ರ ವಾಡಿಕೆಯ ದುಪ್ಪಟ್ಟನ್ನೂ ಮೀರಿ ದಾಖಲೆ ಬರೆಯಿತು. ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ ಒಂದರ ಹಿಂದೊಂದು ವಾಯುಭಾರ ಕುಸಿತಗಳನ್ನು ಕಟ್ಟುತ್ತಿದ್ದಾಗ ಪೆಸಿಫಿಕ್ಕಿನ ಮಾತನ್ನು ಕೇಳುವವರು ಯಾರೂ ಇರಲಿಲ್ಲ.

ಇದರಿಂದ ಯಾರಿಗೇನು ಎಂದರೆ, ಕಾಸರಗೋಡಿನಲ್ಲಿ ಕಟ್ಟ, ಅಂದರೆ ಸಣ್ಣ ಹೊಳೆಗಳಾದ ತೋಡುಗಳಿಗೆ ತಾತ್ಕಾಲಿಕ ಒಡ್ಡು, ಕಟ್ಟುವವರಿಗೆ ಬಹಳ ಇದೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಾದರೂ ಮುರಕಲ್ಲಿನ ಗುಡ್ಡ, ಪಾರೆಗಳ ಮೇಲಿಂದ ನೀರು ಬೇಗನೆ ಇಳಿದು ಕಡಲು ಸೇರುತ್ತದೆ. ಬಾಯಾರಿನ ಕಡೆ ಗುಡ್ಡದ ಒಡಲಿಗೆ ಸುರಂಗ ಕೊರೆದು ನೀರು ಹುಡುಕಿದ್ದು, ಏತಡ್ಕದಂಥ ಊರುಗಳಲ್ಲಿ ತೋಡಿಗೆ ಅಡ್ಡಲಾಗಿ ಸಾಲು ಸಾಲು ಕಟ್ಟಗಳನ್ನು ಹಾಕಿಕೊಂಡು ಬಂದದ್ದು ಅದಕ್ಕೇ. ಮಳೆ ನಿಂತು ತೋಡಿನಲ್ಲಿ ಹರಿವು ಇನ್ನೂ ಇರುವಾಗ ಕಟ್ಟ ಏಳಬೇಕು. ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ, ಈಗೀಗ ಪ್ಲಾಸ್ಟಿಕ್ ಹಾಳೆ, ಇವೆಲ್ಲ ಒಟ್ಟುಗೂಡಿಸಿ ಹತ್ತಾರು ಜನ ಸೇರಿ ಮಾಡುವ ಈ ಕೆಲಸಕ್ಕೆ ಸಿಗುವ ಅವಕಾಶ ಕೆಲವೇ ವಾರಗಳದ್ದು. ಬೇಗ ಕಟ್ಟಿದರೆ ತಡವಾಗಿ ಬಂದ ಒಂದು ತುಲಾ ಮಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ತಡಮಾಡಿದರೆ, 2016ರಂಥ ವರ್ಷದಲ್ಲಿ, ನಿಲ್ಲಿಸಲು ತೋಡಿನಲ್ಲಿ ನೀರೇ ಉಳಿದಿರುವುದಿಲ್ಲ. ಎಲ್ ನಿನೊ ಇದೆಯೇ, ದ್ವಿಧ್ರುವ ಯಾವ ಕಡೆ ವಾಲಿದೆ, ಮುಂಗಾರು ಹಿಂದೆ ಸರಿಯಲು ಆರಂಭಿಸಿದ್ದು ಯಾವಾಗ ಎಂಬ ಮೂರು ಸುದ್ದಿಗಳು ಅಕ್ಟೋಬರ್ ಮೊದಲ ವಾರಕ್ಕೆ ಸಾಮಾನ್ಯವಾಗಿ ಕೈಗೆ ಸಿಕ್ಕಿರುತ್ತವೆ. 2019 ಮತ್ತು 2023ರಲ್ಲಿ ಅವು ಕಟ್ಟವನ್ನು ಸ್ವಲ್ಪ ಮುಂದೂಡಿ ಎಂದು ಹೇಳಬಹುದಾಗಿತ್ತು, 2016ರಲ್ಲಿ ಕೂಡಲೇ ಕಟ್ಟಿ ಎಂದು. 2021ರಲ್ಲಿ ಪೆಸಿಫಿಕ್ಕಿನ ಸುದ್ದಿಯನ್ನೇ ನಂಬಿ ಬೇಗ ಕಟ್ಟಿದವರ ಕಟ್ಟ ನವೆಂಬರ್ ದಾಟಿ ಉಳಿಯುತ್ತಿರಲಿಲ್ಲ.